ಸೆರಿನ್ ಇನ್ನೂ ಅಲ್ಲೇ ಇದೆ

14 ಮಾರ್ಚ್ 2025, ಶುಕ್ರವಾರ, ರಾತ್ರಿ

ವರದಿ ಬರೆಯಲು ಕುಳಿತವಳು ಇದನ್ನು ಬರೆಯುತ್ತಿದ್ದೇನೆ. ಪ್ರಯೋಗಾಲಯಕ್ಕೆ ಬಂದ ಹೊಸ ಹುಡುಗಿಯ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ.

ಮಧ್ಯಾಹ್ನ ಇ. ಕೋಲಿ ಬ್ಯಾಕ್ಟೀರಿಯಾದ ಕೋಶಗಳನ್ನು ಕಶಾಂಗದ, ಅಂದರೆ ಈಜಲು ತಿರುಗಿಸುವ ಬಾಲದ, ತುದಿಯಲ್ಲಿ ಗಾಜಿಗೆ ಅಂಟಿಸಿದ್ದೆವು. 1974ರಲ್ಲಿ ಸಿಲ್ವರ್‌ಮನ್ ಮತ್ತು ಸೈಮನ್ ಮಾಡಿದ್ದು ಇದನ್ನೇ. ಬಾಲ ಅಂಟಿಕೊಂಡ ಮೇಲೆ ಅದರ ಬುಡದ ಮೋಟಾರು ಇನ್ನೇನನ್ನು ತಿರುಗಿಸೀತು? ಎರಡು ಮೈಕ್ರಾನ್ ಉದ್ದದ ಇಡೀ ದೇಹವೇ ಗಿರಗಿರನೆ ಸುತ್ತುತ್ತದೆ. ಸ್ವಲ್ಪ ಹೊತ್ತು ಈ ಕಡೆ, ಫಕ್ಕನೆ ಆ ಕಡೆ, ಮತ್ತೆ ಈ ಕಡೆ. ಅವುಗಳನ್ನು ಸೆಳೆಯುವ ಅಮೈನೋ ಆಮ್ಲ ಸೆರಿನ್ ಹರಿಸಿದೊಡನೆ ಆ ತಿರುವುಮುರುವು ನಿಂತಿತು. ಕಣ್ಣಿಗೆ ಬಿದ್ದ ಕೋಶಗಳೆಲ್ಲ ಒಂದೇ ದಿಕ್ಕಿಗೆ ಸುತ್ತತೊಡಗಿದವು. ಅವಳ ಮುಖ ಅರಳಿತು. ಕೆಲವು ನಿಮಿಷ ಕಳೆಯಿತು. ಮೂಲೆಯ ಕೋಶವೊಂದು ದಿಕ್ಕು ಬದಲಿಸಿತು, ಅದರ ಹಿಂದೆಯೇ ಇನ್ನೊಂದು. ನೋಡನೋಡುತ್ತ ಎಲ್ಲವೂ ಹಳೆಯ ಚಾಳಿಗೆ ಮರಳಿದವು.

“ಮೇಡಂ, ಸೆರಿನ್ ಮುಗಿಯಿತೇ?”

“ಇಲ್ಲ. ಅಷ್ಟೇ ಇದೆ.”

“ಹಾಗಾದರೆ ಇವಕ್ಕೆ ಸಾಕಾಯಿತೇ?”

ನಗು ಬಂತು. ಆದರೂ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತ್ತು. ಕಾಗದ ತೆಗೆದು ಚಿತ್ರ ಬರೆದೆ. ಕೋಶದ ತುದಿಯಲ್ಲಿ ಒತ್ತೊತ್ತಾಗಿ ನಿಂತ, ಸೆರಿನ್ ಹಿಡಿಯುವ ಗ್ರಾಹಕಗಳು. ಅವುಗಳ ಬುಡಕ್ಕೆ ಕೀ-ಡಬ್ಲ್ಯೂ (CheW) ಹಿಡಿದಿಟ್ಟ ಕೀ-ಎ (CheA); ಕೀ ಎಂದು ಶುರುವಾಗುವುದೆಲ್ಲ ಕೋಶದೊಳಗಿನ ಪ್ರೋಟೀನುಗಳು. ಸುಮ್ಮನಿದ್ದಾಗ ಕೀ-ಎ ತನ್ನ ಮೇಲೆ ತಾನೇ ಫಾಸ್ಫೇಟ್ ಹೇರಿಕೊಂಡು ಅದನ್ನು ಕೀ-ವೈಗೆ ದಾಟಿಸುತ್ತದೆ. ಫಾಸ್ಫೇಟ್ ಹೊತ್ತ ಕೀ-ವೈ ತೇಲುತ್ತ ಹೋಗಿ ಮೋಟಾರಿನ ಫ್ಲಿ-ಎಂ ಎಂಬ ಭಾಗದ ಮೇಲೆ ಕುಳಿತರೆ ಮೋಟಾರು ಪ್ರದಕ್ಷಿಣವಾಗಿ ತಿರುಗಿ ಕಶಾಂಗಗಳ ಕಟ್ಟು ಬಿಚ್ಚುತ್ತದೆ, ಈಜುವ ಜೀವ ಪಲ್ಟಿ ಹೊಡೆಯುತ್ತದೆ. ಸೆರಿನ್ ಗ್ರಾಹಕಕ್ಕೆ ಅಂಟಿದಾಗ ಕೀ-ಎ ತಣ್ಣಗಾಗುತ್ತದೆ. ಇತ್ತ ಕೀ-ಝಡ್ ಇದ್ದಬದ್ದ ಫಾಸ್ಫೇಟನ್ನು ಕಿತ್ತುಹಾಕುತ್ತಿರುತ್ತದೆ. ಪಲ್ಟಿ ತಪ್ಪಿ ಓಟ ಮುಂದುವರಿಯುತ್ತದೆ.

“ಇಷ್ಟು ಪಾಠದಲ್ಲಿತ್ತು,” ಎಂದಳು, ಕೊಂಚ ಬೇಸರದಿಂದಲೇ. “ವಾಪಸ್ ಬಂದದ್ದು ಏಕೆ?”

ಕೀ-ಆರ್ ಎಂದೆ. ಅದು ಗ್ರಾಹಕಗಳಿಗೆ ಒಂದೊಂದಾಗಿ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರಿಸುತ್ತ ಹೋಗುತ್ತದೆ. ಮಿಥೈಲ್ ಹೆಚ್ಚಿದಷ್ಟೂ, ಸೆರಿನ್ ಅಂಟಿಕೊಂಡಿದ್ದರೂ ಕೀ-ಎ ಮತ್ತೆ ಚುರುಕಾಗುತ್ತದೆ. ಮಿತಿಮೀರಿದರೆ ಆ ಕೀ-ಎಯಿಂದಲೇ ಫಾಸ್ಫೇಟ್ ಪಡೆದ ಕೀ-ಬಿ ಮಿಥೈಲ್‌ಗಳನ್ನು ಕತ್ತರಿಸುತ್ತದೆ. ಈ ಏರಿಳಿತ ನಿಧಾನ. ಗ್ರಾಹಕದಿಂದ ಮೋಟಾರಿಗೆ ಹೋಗುವ ಸಂದೇಶವೋ ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಟ್ಟುತ್ತದೆ. ಈ ಎರಡು ವೇಗಗಳ ಅಂತರವೇ ಬ್ಯಾಕ್ಟೀರಿಯಾದ ನೆನಪು. ‘ಸೆರಿನ್ ಎಷ್ಟಿದೆ’ ಎಂಬುದು ಅದಕ್ಕೆ ಬೇಕಿಲ್ಲ. ‘ಈಗಷ್ಟೇ ಇದ್ದುದಕ್ಕಿಂತ ಹೆಚ್ಚೋ ಕಡಿಮೆಯೋ’ ಎಂಬುದು ಸಾಕು. ‘ಬ್ಯಾಕ್ಟೀರಿಯಾ ವಾಸನೆ ಹಿಡಿದು ಆಹಾರದತ್ತ ಸಾಗುತ್ತದೆ’ ಎಂದು ಬರೆಯುವವರನ್ನು ಕಂಡರೆ ನನಗೆ ಅದಕ್ಕೇ ರೇಗುತ್ತದೆ. ಅದಕ್ಕೆ ದಿಕ್ಕೇ ಗೊತ್ತಿಲ್ಲ. ಪಲ್ಟಿಯ ನಂತರ ಎತ್ತ ಮುಖವೋ ಅತ್ತ ಓಟ. 1972ರಲ್ಲಿ ಬರ್ಗ್ ಮತ್ತು ಬ್ರೌನ್ ಒಂದೊಂದೇ ಕೋಶದ ಬೆನ್ನುಹತ್ತಿ ತೋರಿಸಿದ್ದೂ ಇಷ್ಟೇ: ಒಳ್ಳೆಯ ಕಡೆಗಿನ ಓಟಗಳು ತುಸು ಉದ್ದವಾಗುತ್ತವೆ.

“ಕೀ-ಬಿ ಇಲ್ಲದಿದ್ದರೆ?”

“ಪಲ್ಟಿ ಹೊಡೆಯುತ್ತಲೇ ಇರುತ್ತದೆ.”

“ಕೀ-ಆರ್ ಇಲ್ಲದಿದ್ದರೆ ಓಡುತ್ತಲೇ ಇರುತ್ತದೆ,” ಎಂದು ತಾನೇ ಪೂರೈಸಿದಳು. ಸ್ವಲ್ಪ ತಡೆದು, “ಎರಡಕ್ಕೂ ಸೆರಿನ್ ಗ್ರಾಹಕ ಸರಿಯಾಗಿಯೇ ಇದೆಯಲ್ಲವೇ ಮೇಡಂ?” ಎಂದಳು.

ಇದೆ. ಮೋಟಾರೂ ಸರಿಯಾಗಿದೆ. ಹೀಗೆ ಅವಳು ಕೇಳಿದಾಗಿನಿಂದ ನನಗೊಂದು ತೆರನಾದ ಸಂಕಟ. ನೆನಪಿನ ಪಾಲು ಇಷ್ಟು ದೊಡ್ಡದೆಂದು ಗೊತ್ತಿದ್ದರೂ ನಾನು ಹೆಚ್ಚು ದಿನ ಕಳೆದದ್ದು ಮೋಟಾರಿನ ಬಳಿಯೇ.

ಕಣ್ಣು ಉರಿಯುತ್ತಿದೆ. ವರದಿಯ ಮೊದಲ ಪುಟ ಖಾಲಿ. ಸೋಮವಾರ ಕೊಡದಿದ್ದರೆ ಮೇಲಿನವರ ಮುಖ ನೋಡುವ ಹಾಗಿಲ್ಲ.

ಹೊರಡುವಾಗ ಅವಳು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬಗ್ಗೆ ಕೇಳಿದಳು. ಅಲ್ಲಿ ಎಲ್ಲ ತಿರುಗುಮುರುಗು: ಸೆಳೆಯುವ ವಸ್ತು ಗ್ರಾಹಕಕ್ಕೆ ಅಂಟಿದರೆ ಕೀ-ಎ ಚುರುಕಾಗುತ್ತದೆ, ಫಾಸ್ಫೇಟ್ ಹೊತ್ತ ಕೀ-ವೈ ಓಡಿಸುತ್ತದೆ. ಫಲ ಮಾತ್ರ ಅದೇ. ಹಾಗಾದರೆ ಅಲ್ಲಿ ಮಿಥೈಲ್‌ನ ಲೆಕ್ಕ ಯಾವ ಕಡೆಯಿಂದ ಶುರು ಮಾಡಿ ಹೇಳಲಿ, ಒಂದೊಂದು ಜಾಗದ ಮಿಥೈಲ್ ಒಂದೊಂದು ಕೆಲಸ ಮಾಡುತ್ತದೆ ಎಂಬಲ್ಲಿಂದಲೋ, ಅಥವಾ