ಅಳಿಸಿಹೋದ ಉತ್ತರ

ಆನ್‌ಲೈನ್ ಪಾಠದಲ್ಲಿ ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ಮೌನ. ಮೈಕ್ ಆಫ್, ಕ್ಯಾಮೆರಾ ಆಫ್. "ಅರ್ಥ ಆಯ್ತಾ?" ಅಂದರೆ ಚಾಟ್‌ನಲ್ಲಿ ಸಾಲಾಗಿ "ಹೌದು ಮೇಡಂ" ಬೀಳುತ್ತದೆ. ಯಾರಿಗೆ ಎಷ್ಟು ಅರ್ಥವಾಯಿತು ಅನ್ನುವುದು ಅದರಿಂದ ತಿಳಿಯುವುದಿಲ್ಲ. ಹಾಗಾಗಿ ವಿದ್ಯುತ್ ಮಂಡಲದ ಪಾಠದ ದಿನ ಸ್ಲೈಡ್‌ಗಳನ್ನು ಪಕ್ಕಕ್ಕಿಟ್ಟೆ. ಎಲ್ಲರೂ ಕೂಡಿ ಬರೆಯಲು ಈಥರ್‌ಪ್ಯಾಡ್ ತೆರೆದೆ. ಪ್ರಯೋಗಕ್ಕೆ ಫೆಟ್ (PhET) ಯೋಜನೆಯ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗ. ಎರಡೂ ಉಚಿತ.

ಈಥರ್‌ಪ್ಯಾಡ್ 2008ರಿಂದ ಇದೆ, ಈಗ ಮುಕ್ತ ತಂತ್ರಾಂಶ. ಲಿಂಕ್ ಒತ್ತಿದರೆ ಖಾಲಿ ಹಾಳೆ ತೆರೆದುಕೊಳ್ಳುತ್ತದೆ. ನಾನು ಬಳಸುವ ಸರ್ವರ್‌ನಲ್ಲಿ ಖಾತೆ ಬೇಡ, ಇಮೇಲ್ ಬೇಡ. ಮಕ್ಕಳ ಮಾಹಿತಿ ಕೇಳದ ಸಾಧನ ಎಷ್ಟೇ ಸರಳವಾಗಿದ್ದರೂ ನನ್ನ ಮೊದಲ ಆಯ್ಕೆ ಅದೇ. ಬರೆಯುವ ಒಬ್ಬೊಬ್ಬರಿಗೂ ಒಂದೊಂದು ಬಣ್ಣ ಸಿಗುತ್ತದೆ.

ಪ್ರಶ್ನೆ ಹಾಕಿದೆ: ಒಂದು ಬ್ಯಾಟರಿಗೆ ಒಂದೇ ಥರದ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು, ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಪ್ರಯೋಗಕ್ಕೆ ಮುಂಚೆ ಎಲ್ಲರೂ ತಮ್ಮ ಊಹೆ ಬರೆಯಬೇಕು, ಕಾರಣದ ಸಮೇತ. ಹಾಳೆಯ ತುಂಬ ಬಣ್ಣ ಬಣ್ಣದ ಸಾಲುಗಳು ಮೂಡತೊಡಗಿದವು. ಹೆಚ್ಚಿನವರದು ಒಂದೇ ಮಾತು: ಮೊದಲ ಬಲ್ಬು ಕರೆಂಟನ್ನು ಬಳಸಿಕೊಳ್ಳುತ್ತದೆ, ಎರಡನೆಯದಕ್ಕೆ ಉಳಿಯುವುದು ಕಡಿಮೆ.

ಅವರು ಚರ್ಚಿಸುತ್ತಿದ್ದಾಗ ನಾನು ಟೈಮ್‌ಸ್ಲೈಡರ್ ತೆರೆದೆ. ಹಾಳೆ ಹೇಗೆ ಬೆಳೆಯಿತು ಅನ್ನುವುದನ್ನು ಅದು ಮೊದಲಿಂದ ತೋರಿಸುತ್ತದೆ. ಗುಂಡಿಯನ್ನು ನಿಧಾನವಾಗಿ ಎಳೆಯುತ್ತಿದ್ದಂತೆ, ತಿಳಿ ನೇರಳೆ ಬಣ್ಣದಲ್ಲಿ ಒಂದು ಸಾಲು ಕಂಡಿತು: "ಎರಡೂ ಒಂದೇ ಸಮ ಉರಿಯುತ್ತವೆ, ದಾರಿ ಒಂದೇ ಅಲ್ವಾ." ಮೇಲೆ ಕೆಳಗೆ ಬೇರೆಯವರ ಉತ್ತರಗಳು ಬಂದು ಸೇರಿದವು. ಆಮೇಲೆ ಆ ಸಾಲು ಅಕ್ಷರ ಅಕ್ಷರವಾಗಿ ಹಿಂದಕ್ಕೆ ಸರಿದು ಮಾಯವಾಯಿತು. ಅದೇ ಬಣ್ಣದಲ್ಲಿ ಹೊಸ ಸಾಲು: "ಮೊದಲನೇದು ಜಾಸ್ತಿ." ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿಯ ಬಣ್ಣ ಅದು.

ನನ್ನ ಕರುಳು ಚುರ್ ಅಂದಿತು. ಬಾಯಿಪಾಠದ ಉತ್ತರವಲ್ಲ, ಸ್ವಂತ ಯೋಚನೆ. ಬಹುಮತಕ್ಕೆ ಹೆದರಿ ಅಳಿಸಿದ್ದಳು. ಅವಳ ಹೆಸರು ಹೇಳಲಿಲ್ಲ. ಆ ಸಾಲನ್ನು ನಾನೇ ಮತ್ತೆ ಬರೆದು, "ಹೀಗೂ ಒಂದು ಅಭಿಪ್ರಾಯವಿದೆ, ಪರೀಕ್ಷಿಸೋಣ" ಅಂದೆ.

ಫೆಟ್ ಯೋಜನೆಯನ್ನು 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದವರು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್. ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ತಂದು ಜೋಡಿಸಿದರೆ ತಂತಿಯೊಳಗೆ ಎಲೆಕ್ಟ್ರಾನುಗಳು ಹರಿಯುವುದು ಕಾಣುತ್ತದೆ. 9 ವೋಲ್ಟ್ ಬ್ಯಾಟರಿ, ತಲಾ 10 ಓಮ್‌ನ ಎರಡು ಬಲ್ಬು (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). ಮೊದಲ ಬಲ್ಬಿನ ಮುಂಚೆ ಕರೆಂಟ್ ಅಳೆಯುವ ಅಮ್ಮೀಟರ್ ಹಿಡಿದರೆ 0.45 ಆಂಪಿಯರ್, ಎರಡರ ನಡುವೆ 0.45, ಎರಡನೆಯದನ್ನು ದಾಟಿದ ಮೇಲೂ ಅಷ್ಟೇ. ಬೆಳಕೂ ಸಮಸಮ. ಬಲ್ಬಿನಲ್ಲಿ ಖರ್ಚಾಗುವುದು ಶಕ್ತಿಯೇ ಹೊರತು ಕರೆಂಟ್ ಅಲ್ಲ ಅನ್ನುವುದನ್ನು ಇನ್ನು ನಾನು ಒತ್ತಿ ಹೇಳಬೇಕಾಗಿರಲಿಲ್ಲ.

ತರಗತಿ ಮುಗಿದ ಮೇಲೆ ಆ ಹಾಳೆಯನ್ನು ಫೈಲಾಗಿ ಇಳಿಸಿಕೊಂಡೆ. ಇಂಥ ಉಚಿತ ಸರ್ವರ್‌ಗಳಲ್ಲಿ ಎಷ್ಟೋ ಕಡೆ ಹಳೆಯ ಹಾಳೆಗಳನ್ನು ಸ್ವಲ್ಪ ಕಾಲದ ನಂತರ ತೆಗೆದುಹಾಕುತ್ತಾರೆ. ಮಕ್ಕಳ ಬರಹ ಹಾಗೆ ಕಳೆದುಹೋಗಬಾರದು. ನೆಟ್ ಸರಿಯಾಗಿ ಸಿಗದ ಮಕ್ಕಳಿಗೆ ಸಿಮ್ಯುಲೇಶನ್ ಫೈಲನ್ನೇ ಕಳಿಸಿದೆ, ಇಂಟರ್‌ನೆಟ್ ಇಲ್ಲದೆಯೂ ಅದು ನಡೆಯುತ್ತದೆ.

ಸಂಜೆ ಮತ್ತೆ ಪ್ಯಾಡ್ ತೆರೆದರೆ ಕೊನೆಯಲ್ಲಿ ನೇರಳೆ ಬಣ್ಣದ ಹೊಸ ಸಾಲು: "ಒಂದು ಬಲ್ಬನ್ನು 20 ಓಮ್ ಮಾಡಿದೆ. ಕರೆಂಟ್ ಎರಡರಲ್ಲೂ 0.30. ಆದ್ರೆ 20 ಓಮಿಂದೇ ಜಾಸ್ತಿ ಉರೀತಿದೆ. ಯಾಕೆ ಮೇಡಂ?" ಮುಂದಿನ ತರಗತಿಯನ್ನು ಆ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ ಎಂದು ಅದರ ಕೆಳಗೆ ಬರೆದೆ.