ಕಣ್ಣಿನ ಶಿಬಿರದ ಕೊನೆಯ ಕಾಲಂ

ಫ್ಲೆಕ್ಸಿನಲ್ಲಿ ಒಂಬತ್ತು ಗಂಟೆ ಎಂದಿದ್ದರೂ ಏಳಕ್ಕೇ ಹಿರಿಯರು ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಲಯನ್ಸ್ ಕ್ಲಬ್ಬಿನ ನೇತ್ರ ಶಿಬಿರದ ದಿನ ಶುರುವಾಗುವುದು ಹೀಗೆ. ಉದ್ಘಾಟನೆಯ ಭಾಷಣ ಮುಗಿಯುವವರೆಗೆ ಅವರನ್ನು ಕಾಯಿಸುವ ಪದ್ಧತಿ ಮೊದಲು ಹೋಗಬೇಕು. ನೋಂದಣಿಯನ್ನು ಏಳೂವರೆಗೇ ಆರಂಭಿಸಿದರೆ ಯಾರ ಗೌರವಕ್ಕೂ ಕುಂದಿಲ್ಲ.

ಮೊದಲ ಮೇಜಿನಲ್ಲಿ ಹೆಸರು, ವಯಸ್ಸು, ಫೋನ್ ನಂಬರ್. ಅಜ್ಜಿಗೆ ತನ್ನ ನಂಬರ್ ನೆನಪಿರುವುದಿಲ್ಲ, ಮಗನದು ಚೀಟಿಯಲ್ಲಿರುತ್ತದೆ, ಚೀಟಿ ಮನೆಯಲ್ಲಿರುತ್ತದೆ. ಪಕ್ಕದ ಮನೆಯವರ ನಂಬರನ್ನಾದರೂ ಬರೆದುಕೊಳ್ಳದಿದ್ದರೆ ಆ ಹೆಸರು ಅಲ್ಲಿಗೇ ಕಳೆದುಹೋಯಿತೆಂದೇ ಲೆಕ್ಕ.

ಎರಡನೆಯದು ದೃಷ್ಟಿ ಪರೀಕ್ಷೆ. ಚಾರ್ಟಿನಿಂದ ಕುರ್ಚಿಗೆ ಆರು ಮೀಟರ್ ಇರಬೇಕು. ಹೆಜ್ಜೆ ಎಣಿಸಿ ಅಂದಾಜು ಮಾಡದೆ ಟೇಪ್ ಹಿಡಿದು ಅಳೆದು, ನೆಲದಲ್ಲಿ ಗೆರೆ ಎಳೆಯಬೇಕು. ಓದು ಬಾರದವರಿಗೆ ನಾಲ್ಕು ದಿಕ್ಕಿಗೆ ತಿರುಗಿದ ‘ಇ’ ಚಾರ್ಟು. “ಅಜ್ಜಾ, ಕಡ್ಡಿಗಳು ಯಾವ ಕಡೆಗಿವೆ, ಕೈಯಲ್ಲಿ ತೋರಿಸಿ” ಎಂದರೆ ಸಾಕು. ಕಣ್ಣನ್ನು ಅಂಗೈಯಿಂದ ಮುಚ್ಚಿಸಬೇಕು, ಬೆರಳಿನಿಂದಲ್ಲ. ಬೆರಳ ಸಂದಿಯಿಂದ ಇಣುಕಿ ಎಲ್ಲ ಸರಿಯಾಗಿ ಹೇಳಿಬಿಡುತ್ತಾರೆ. ಸರಿಯಾಗಿ ಕಾಣದಿದ್ದರೆ ಸಣ್ಣ ರಂಧ್ರದ ಪಿನ್‌ಹೋಲ್ ಹಿಡಿಸಿ ಇನ್ನೊಮ್ಮೆ ಕೇಳಬೇಕು. ಅದರಲ್ಲಿ ಚೆನ್ನಾಗಿ ಕಂಡರೆ ಬಹುಪಾಲು ಕನ್ನಡಕದ ಕೇಸು. ಇಲ್ಲವಾದರೆ ಪೊರೆಯೋ, ಒಳಗಿನ ಬೇರೆ ತೊಂದರೆಯೋ ಎಂದು ವೈದ್ಯರು ನೋಡಬೇಕು. ಮಧ್ಯಾಹ್ನದ ನೂಕುನುಗ್ಗಲು ಅರ್ಧ ಕರಗುವುದು ಈ ಒಂದು ರಂಧ್ರದಿಂದ.

ಪಾಪೆ ಹಿಗ್ಗಿಸುವ ಡ್ರಾಪ್ಸನ್ನು ಸಾಲು ಬೇಗ ಸಾಗಲೆಂದು ಸ್ವಯಂಸೇವಕರೇ ಎಲ್ಲರಿಗೂ ಹಾಕಿಬಿಡುವುದು ಅಪಾಯದ ಕೆಲಸ. ಕಣ್ಣಿನ ಮುಂಭಾಗದಲ್ಲಿ ಒಳಗಿನ ದ್ರವ ಹೊರಹೋಗುವ ಕೋನ ಕಿರಿದಾಗಿರುವವರಿಗೆ ಅದರಿಂದ ಒತ್ತಡ ಏರಿ ತೀವ್ರ ನೋವು ಬರಬಹುದು. ವೈದ್ಯರು ನೋಡಿ ಹೇಳಿದ ಮೇಲೆಯೇ ಹಾಕಬೇಕು. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಅವರನ್ನು ಒಂಟಿಯಾಗಿ ರಸ್ತೆಗೆ ಬಿಡುವಂತಿಲ್ಲ.

ಪೊರೆ ಇದ್ದ ಮಾತ್ರಕ್ಕೆ ಆಪರೇಷನ್ ಆಗುವುದಿಲ್ಲ. ಶುಗರ್, ಬಿಪಿ ಹತೋಟಿಯಲ್ಲಿ ಇಲ್ಲದವರನ್ನು ಮುಂದಕ್ಕೆ ಹಾಕುತ್ತಾರೆ. ಕಣ್ಣಿನ ಮೂಗಿನ ಕಡೆಯ ಮೂಲೆ ಒತ್ತಿದಾಗ ಕೀವು ಬಂದರೆ ಮೊದಲು ಅದಕ್ಕೆ ಚಿಕಿತ್ಸೆ; ಇಲ್ಲದಿದ್ದರೆ ಸೋಂಕು ಕಣ್ಣಿನೊಳಕ್ಕೆ ಇಳಿದು ಇದ್ದ ದೃಷ್ಟಿಯೂ ಹೋಗಬಹುದು. ಹಿಂದೆ ಶಾಲೆಯ ಕೋಣೆಗಳಲ್ಲೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಸೋಂಕಿನ ಭಯದಿಂದ ಅದು ನಿಂತು, ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಆಪರೇಷನ್ ಎಂಬ ಕ್ರಮ ಬಂದದ್ದು ಒಳ್ಳೆಯದೇ ಆಯಿತು.

1917ರಲ್ಲಿ ಶಿಕಾಗೋದ ವ್ಯಾಪಾರಿಗಳನ್ನು ಸೇರಿಸಿ ಮೆಲ್ವಿನ್ ಜೋನ್ಸ್ ಕಟ್ಟಿದ ಲಯನ್ಸ್ ಸಂಸ್ಥೆಗೆ ಕಣ್ಣಿನ ಕೆಲಸ ಅಂಟಿಕೊಂಡದ್ದು 1925ರಲ್ಲಿ, ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಅದರ ಸಮಾವೇಶಕ್ಕೆ ಬಂದು ಅಂಧರ ಪರವಾಗಿ ಕೇಳಿಕೊಂಡ ಮೇಲೆ. 1930ರಲ್ಲಿ ಅಮೆರಿಕದ ಪಿಯೋರಿಯಾ ಊರಿನ ಕ್ಲಬ್ಬು, ಅಂಧರ ಕರಿಯ ಕೋಲು ವಾಹನದವರಿಗೆ ಕಾಣುವುದಿಲ್ಲವೆಂದು ಅದಕ್ಕೆ ಬಿಳಿ ಬಣ್ಣ ಬಳಿದು ಕೆಂಪು ಪಟ್ಟಿ ಹಾಕಿಸಿತು. ಒಂದು ಊರಿನ ಕ್ಲಬ್ಬು ಮಾಡಬಹುದಾದ ಕೆಲಸ ಎಂದರೆ ಅಂಥದ್ದು.

ಶಿಬಿರದ ವರದಿಯಲ್ಲಿ ಮಾತ್ರ ಎದ್ದು ಕಾಣುವುದು ತಪಾಸಣೆಗೆ ಬಂದವರ ಸಂಖ್ಯೆ. ರಿಜಿಸ್ಟರಿನ ಕೊನೆಯ ಕಾಲಂ, ಅಂದರೆ ಆಪರೇಷನ್ ಆದ ತಿಂಗಳ ಮೇಲಿನ ದೃಷ್ಟಿ, ಖಾಲಿಯೇ ಉಳಿದಿರುತ್ತದೆ. ಕಣ್ಣು ಕಾಣತೊಡಗಿದ ಕೂಡಲೇ ಆಪರೇಷನ್ ನಂತರ ಕೊಟ್ಟ ಡ್ರಾಪ್ಸ್ ನಿಲ್ಲಿಸುವವರು ಬಹಳ. ವಾರಗಟ್ಟಲೆ ಹಾಕಿ ಹಂತಹಂತವಾಗಿ ಇಳಿಸದಿದ್ದರೆ ಒಳಗೆ ಉರಿಯೂತ ಕಾಣಿಸಿಕೊಳ್ಳಬಹುದು. ಮರುದಿನ, ವಾರಕ್ಕೆ, ತಿಂಗಳಿಗೆ ಎಂದು ಫೋನ್ ಮಾಡಿ ಕರೆಸುವವರು ಬೇಕು. ಅಷ್ಟರಲ್ಲಿ ಜುಲೈ 1 ಬಂದು ಪದಾಧಿಕಾರಿಗಳು ಬದಲಾಗುತ್ತಾರೆ. ರಿಜಿಸ್ಟರು ಹಳೆಯ ಕಾರ್ಯದರ್ಶಿಯ ಮನೆಯ ಅಟ್ಟಕ್ಕೆ ಹೋಗುತ್ತದೆ. ಪದಗ್ರಹಣದ ದಿನ ಸಭೆ ನಡೆಸುವ ಗಂಟೆ, ಸುತ್ತಿಗೆಯ ಜೊತೆ ಆ ರಿಜಿಸ್ಟರನ್ನೂ ಸಹಿ ಹಾಕಿಸಿಕೊಂಡು ಒಪ್ಪಿಸಬೇಕು, ಒಂದು ಪ್ರತಿ ಆಸ್ಪತ್ರೆಯಲ್ಲೂ ಇರಬೇಕು. ಎರಡನೇ ಕಣ್ಣಿನ ಪೊರೆ ಬಲಿತು ಕಾದಿರುವವರ ಹೆಸರುಗಳು ಇರುವುದು ಅದರಲ್ಲೇ.