ಫಾರಿನ್‌ಗೆ ಹೋಗ್ತಿದೀನಿ, ಏನೇನ್ ಪ್ಯಾಕ್ ಮಾಡ್ಲಿ?

ಯಾರಿಗಾದ್ರೂ ವೀಸಾ ಬಂತು ಅಂದ್ರೆ ಸಾಕು, ಮೂರನೇ ದಿನಕ್ಕೆ ನಂಗೆ ಮೆಸೇಜು. "ಎರಡು ವರ್ಷ ಇರ್ಬೇಕು, ಏನೇನ್ ತಗೊಂಡ್ ಹೋಗ್ಲಿ?" ಜೊತೆಗೊಂದು ಮಾರುದ್ದದ ಲಿಸ್ಟು. ಅದರಲ್ಲಿ ಮುಕ್ಕಾಲು ಭಾಗ ಹೊಡೆದುಹಾಕಿ ಅಂತಾನೇ ಯಾವಾಗ್ಲೂ ಹೇಳೋದು.

ನಾನು ಪ್ರತಿ ವಸ್ತು ಎತ್ಕೊಂಡಾಗ್ಲೂ ಒಂದೇ ಪ್ರಶ್ನೆ ಕೇಳ್ಕೊಳ್ತೀನಿ: ಇದನ್ನ ಅಲ್ಲಿ ಪಡೀಬೇಕು ಅಂದ್ರೆ ಯಾರದಾದ್ರೂ ಸಹಿ ಬೇಕಾ? ಬೇಕು ಅಂದ್ರೆ ಮೊದಲು ಅದನ್ನ ಒಳಗೆ ಹಾಕಿ. ಬರೀ ದುಡ್ಡು ಕೊಟ್ರೆ ಸಿಗೋದಾದ್ರೆ ಅದು ಆಮೇಲಿನ ಮಾತು.

ಇದು ಸುಮ್ನೆ ಹೊಳೆದಿದ್ದಲ್ಲ. ಮೊದಲನೇ ಸಲ ಹೋದಾಗ ನಾನು ಹನ್ನೆರಡು ಬಟ್ಟೆ ಹ್ಯಾಂಗರ್ ತಗೊಂಡ್ ಹೋಗಿದ್ದೆ, ಹೌದು ಹ್ಯಾಂಗರ್, ಆದ್ರೆ ಕನ್ನಡಕದ ಚೀಟಿ ಮನೇಲೇ ಬಿಟ್ಟಿದ್ದೆ. ಮೂರನೇ ವಾರ ಕನ್ನಡಕದ ಒಂದು ಕಾಲು ಮುರೀತು. ಅಂಗಡಿಯವ್ರು ಡಾಕ್ಟರ್ ಬರೆದಿರೋ ನಂಬರ್ ಇಲ್ದೆ ಲೆನ್ಸ್ ಹಾಕೋದಿಲ್ಲ ಅಂದ್ರು, ಕಣ್ಣಿನ ಡಾಕ್ಟರ್ ಅಪಾಯಿಂಟ್‌ಮೆಂಟು ಹತ್ತು ದಿನ ಆಚೆಗೆ, ಹಂಗಾಗಿ ಹೊಸ ಆಫೀಸಲ್ಲಿ ಎಲ್ಲರಿಗೂ ಕಿವಿ ಹತ್ರ ಬಿಳಿ ಟೇಪ್ ಸುತ್ತಿದ ಕನ್ನಡಕದಲ್ಲೇ ಹಾಯ್ ಹೇಳ್ಕೊಂಡ್ ಓಡಾಡ್ದೆ. ಅಲ್ಲಿ ಸಿಕ್ಕ ಮನೆಯ ಕಪಾಟು ತೆಗೆದು ನೋಡಿದ್ರೆ ಮೊದಲೇ ಹದಿನೈದು ಹ್ಯಾಂಗರ್ ನೇತಾಡ್ತಿತ್ತು!

ಔಷಧಿದೂ ಇದೇ ಕಥೆ. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗತ್ತೆ, ಎಷ್ಟೋ ಸಲ ಔಷಧಿ ಹೆಸರೇ ಬೇರೆ ಇರತ್ತೆ; ಪ್ಯಾರಾಸಿಟಮಾಲ್ ಅಂತ ನಾವು ಕರಿಯೋದಕ್ಕೆ ಅಮೆರಿಕದಲ್ಲಿ ಅಸಿಟಮಿನೊಫೆನ್ ಅಂತಾರೆ. ದಿನಾ ಮಾತ್ರೆ ತಗೊಳ್ಳೋರು ಡಾಕ್ಟರ್ ಹತ್ರ ಔಷಧಿಯ ಮೂಲ ಹೆಸರು, ಡೋಸು ಎಲ್ಲ ಬರೆಸಿ ಸಹಿ ಹಾಕಿಸ್ಕೊಳಿ. ಮಾತ್ರೆನ ಸ್ಟ್ರಿಪ್ಪಿಂದ ಬಿಡಿಸಿ ಡಬ್ಬಿಗೆ ತುಂಬ್ಕೋಬೇಡಿ. ಮತ್ತೆ ಆ ದೇಶದ ರಾಯಭಾರ ಕಚೇರಿ ವೆಬ್‌ಸೈಟ್ ಒಂದ್ಸಲ ನೋಡಿ, ಯಾಕಂದ್ರೆ ಜಪಾನ್‌ಗೆ ಸೂಡೋಎಫೆಡ್ರಿನ್ ಅನ್ನೋ ಔಷಧಿ ಅಂಶ ಶೇ 10ಕ್ಕಿಂತ ಜಾಸ್ತಿ ಇರೋ ನೆಗಡಿ ಮಾತ್ರೆ ಕೂಡ ತಗೊಂಡ್ ಹೋಗೋ ಹಾಗಿಲ್ಲ.

ಕಾಗದ ಪತ್ರ ಅಂತೂ ಪೂರ್ತಿ ಸಹಿಗಳದ್ದೇ ಪ್ರಪಂಚ. ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟು, ಡಿಗ್ರಿ, ಮಕ್ಕಳ ಲಸಿಕೆ ಕಾರ್ಡು, ಎಲ್ಲಾ ಒರಿಜಿನಲ್ಲೇ ಇರ್ಲಿ. ಕೆಲವಕ್ಕೆ ಅಪೊಸ್ಟೀಲ್ ಮುದ್ರೆ ಕೇಳ್ತಾರೆ. ದಾಖಲೆ ಮೇಲಿನ ಸಹಿ, ಸೀಲು ಅಸಲಿ ಅಂತ ಬೇರೆ ದೇಶದೋರಿಗೆ ತೋರಿಸೋಕೆ 1961ರ ಹೇಗ್ ಒಪ್ಪಂದದ ಪ್ರಕಾರ ಕೊಡೋ ಮುದ್ರೆ ಅದು, ದಾಖಲೆ ಯಾವ ದೇಶದ್ದೋ ಆ ದೇಶದೋರೇ ಹಾಕ್ಬೇಕು. ಹೊರಡೋಕ್ ಮುಂಚೆ ಒಂದು ಓಡಾಟ ಅಷ್ಟೇ, ಅಲ್ಲಿಗೆ ಹೋದ್ಮೇಲೆ ನೆನಪಾದ್ರೆ ತಿಂಗಳುಗಟ್ಲೆ ಕೊರಿಯರ್ ಕಾಟ. ಹಳೇ ಮೊಬೈಲ್ ನಂಬರ್ ಕೂಡ ಬಿಟ್‌ಬಿಡ್ಬೇಡಿ, ಬ್ಯಾಂಕಿನ ಒಟಿಪಿ ಅದಕ್ಕೇ ತಾನೆ ಬರೋದು.

ಬಟ್ಟೆ ಹದಿನೈದು ದಿನಕ್ಕಾಗುವಷ್ಟು ಸಾಕು. ಇಳಿಯೋ ದಿನ ಅಲ್ಲಿ ಯಾವ ಕಾಲ ಅಂತ ಮಾತ್ರ ನೋಡ್ಕೊಳಿ, ಜೂನ್‌ನಿಂದ ಆಗಸ್ಟ್‌ವರೆಗೆ ಆಸ್ಟ್ರೇಲಿಯಾದಲ್ಲಿ ಚಳಿಗಾಲ. ದಪ್ಪ ಕೋಟು ಅಲ್ಲೇ ತಗೊಳಿ, ಅಲ್ಲಿನ ಚಳಿಗೆ ಅಂತಾನೇ ಮಾಡಿರ್ತಾರೆ. ಕರೆಂಟಿನ ಸಾಮಾನಿಗೆ ಅದರ ಮೇಲಿರೋ ಸಣ್ಣಕ್ಷರ ಓದಿ, 100-240 ವೋಲ್ಟ್ ಅಂತಿದ್ರೆ ಪ್ಲಗ್ ಅಡಾಪ್ಟರ್ ಸಾಕು, ಇಲ್ದಿದ್ರೆ ಮನೇಲೇ ಬಿಡಿ.

ತೂಕ ನೋಡೋದು ಹಿಂದಿನ ರಾತ್ರಿ ಬೇಡ, ಎರಡು ದಿನ ಮುಂಚೆ ಆಗ್ಲಿ. ಎಷ್ಟೋ ಏರ್‌ಲೈನ್ಸ್‌ನಲ್ಲಿ ಎಕಾನಮಿಗೆ ಒಂದು ಬ್ಯಾಗು 23 ಕೆಜಿ, ಖಾಲಿ ಸೂಟ್‌ಕೇಸೇ ನಾಲ್ಕೈದು ಕೆಜಿ ತಿನ್ನತ್ತೆ. ಕೌಂಟರ್ ಮುಂದೆ ನೆಲದ ಮೇಲೆ ಬ್ಯಾಗ್ ಬಿಚ್ಚಿ, ಹಿಂದೆ ಕ್ಯೂ ನಿಂತಿರುವಾಗ ಹ್ಯಾಂಗರ್ ಎಣಿಸ್ತಾ ಕೂತಿದ್ದು ನಾನೇ.

ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಲ್ಲೇ ಇರ್ಬೇಕು, ಚೆಕ್-ಇನ್‌ಗೆ ಹಾಕೋ ಹಾಗಿಲ್ಲ. ಅದರ ಜೊತೆಗೇ ಮಾತ್ರೆ, ಕಾಗದದ ಫೈಲು, ಇನ್ನೊಂದು ಜೊತೆ ಬಟ್ಟೆ. ನನ್ನ ದೊಡ್ಡ ಬ್ಯಾಗು ಒಂದ್ಸಲ ಎರಡು ದಿನ ತಡವಾಗಿ ಬಂದಿತ್ತು, ಹೊಸ ಆಫೀಸಿನ ಐಡಿ ಕಾರ್ಡ್ ಫೋಟೋದಲ್ಲಿ ವಿಮಾನದಲ್ಲಿ ಮುದುರಿಹೋದ ಶರ್ಟೇ ಇದೆ, ಟೇಪ್ ಸುತ್ತಿದ ಕನ್ನಡಕ ಆ ಸಲ ಇರ್ಲಿಲ್ಲ ಅನ್ನೋದೊಂದೇ ಸಮಾಧಾನ.